ಹೇಳಿಕೊಡಬಾರದ ಪ್ರಶ್ನೆಗಳು

ಏಪ್ರಿಲ್ ೧೧

ಮಗಳೇ,

ನಿನ್ನನ್ನೂ ಮಡಿಲಲ್ಲಿರುವ ಪುಟಾಣಿಯನ್ನೂ ದೇವರು ಕಾಯಲಿ. ಇಲ್ಲಿ ನಾನೂ ನಿನ್ನ ಮಗಳು ವಕೀಲಮ್ಮನೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ.

ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದ ಯಾಕೆ ಎನ್ನಬೇಡ. ಫೋನು ಇರುವುದು ನಿನ್ನ ಮಗಳ ಕೈಯಲ್ಲಿ. ನಾನು ಬಚ್ಚಲಿಗೆ ಹೋಗಿ ಪಿಸುಗುಟ್ಟಿದರೂ ಅವಳ ಕಿವಿಗೆ ಬೀಳುತ್ತದೆ. ಹೊರಗೆ ಬಂದರೆ ಸೊಂಟದ ಮೇಲೆ ಕೈಯಿಟ್ಟು, "ಅಜ್ಜಿ, ನೀನು ಅಮ್ಮನ ಹತ್ರ ರಕ್ತ ಕಡಿಮೆ ಆಗಿದೆ ಅಂದೆ. ನನಗೆ ಸರಿ ಇದೆ ಅಂದಿದ್ದೆ. ಯಾವುದು ನಿಜ?" ಎಂದು ವಿಚಾರಣೆ. ಎಂಟು ವರ್ಷದ ಹುಡುಗಿಯ ಮುಂದೆ ಐವತ್ತು ವರ್ಷದ ನಾನು ಕಟಕಟೆಯಲ್ಲಿ ನಿಂತ ಹಾಗೆ ನಿಲ್ಲಬೇಕು. ಆದ್ದರಿಂದ ಅವಳ ಕಿವಿಗೆ ಬೀಳಬಾರದ್ದನ್ನೆಲ್ಲ ಹೀಗೆ ಬರೆದು, ನಿನ್ನ ಗಂಡ ಬಸ್ಸು ತಂದ ದಿನ ಆಸ್ಪತ್ರೆಯ ಗೇಟಿನ ಕಾವಲುಗಾರನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅಳಿಯಂದಿರು ಹೊರಗಿನಿಂದಲೇ ಮೂರನೇ ಮಹಡಿಯ ಕಿಟಕಿಗೆ ಕೈ ಬೀಸಿ ಹೋಗುತ್ತಾರೆ. ಒಳಗೆ ಮಗುವಿನ ಜೊತೆ ಒಬ್ಬರಿಗೇ ಜಾಗ. ಹಾಲು ಕುಡಿಯುವ ಕೂಸನ್ನು ಬಿಟ್ಟು ನೀನು ಬರುವ ಹಾಗಿಲ್ಲ, ಸ್ಟೀರಿಂಗು ಬಿಟ್ಟು ಅವರು ಬರುವ ಹಾಗಿಲ್ಲ. ಉಳಿದವಳು ನಾನು.

ಕೋಣೆ ಚಿಕ್ಕದು. ಎರಡು ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಗಾಳಿ ಸೋಸುವ ಯಂತ್ರ ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ನನ್ನ ಜಪದ ಮಣಿ ಒಳಗೆ ಬಿಡಲಿಲ್ಲ, ಅದರಲ್ಲಿ ಕೊಳೆ ಕೂರುತ್ತದಂತೆ. ದೇವರ ಹೆಸರು ಎಣಿಸಲು ಬೆರಳು ಸಾಲದೇ? ಸಾಕು.

ಒಂದು ಮಾತು ನಿನ್ನನ್ನು ಕೇಳಬೇಕು. ಕಾಯಿಲೆ ಎರಡನೇ ಸಲ ಮರಳಿ ಬಂದಿದೆ, ಹಳೆಯ ಔಷಧಗಳಿಗೆ ಬಗ್ಗುವುದಿಲ್ಲ, ಈ ಹೊಸ ಚಿಕಿತ್ಸೆಯನ್ನು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಡಾಕ್ಟರಮ್ಮ ಹೇಳಿದ ದಿನ ನೀನು ಒಳಗೆ ಕೂತಿದ್ದೆ. ನಾನು ಹೊರಗಿನ ಬೆಂಚಿನ ಮೇಲೆ ಪುಟಾಣಿಯನ್ನು ತೂಗುತ್ತಿದ್ದೆ. ನೀನು ಹೊರಗೆ ಬಂದು, "ಸೈನ್ ಮಾಡಿದೆ, ಅಮ್ಮ" ಎಂದೆ. ಅಷ್ಟೇ. ಒಳಗೆ ಅಷ್ಟು ಹೊತ್ತು ಏನು ಹೇಳಿದರು? ನನ್ನ ಮೊಮ್ಮಗಳ ಮೇಲೆ ಏನನ್ನು ಪರೀಕ್ಷೆ ಮಾಡುತ್ತಾರೆ?

ಇಲ್ಲಿ ಯಾರನ್ನು ಕೇಳಿದರೂ, "ಅವರಮ್ಮನಿಗೆ ಎಲ್ಲ ವಿವರಿಸಿದೀವಿ" ಎನ್ನುತ್ತಾರೆ.

ನಿನ್ನ ಅಮ್ಮ

*

ಏಪ್ರಿಲ್ ೧೯

ಅಮ್ಮಾ,

ನಿನ್ನ ಕಾಗದವನ್ನು ಮೊನ್ನೆಯೇ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಪುಟಾಣಿ ಏಳುತ್ತಾನೆ ಎಂದು ನೆಪ ಹೇಳಬಹುದು. ಅವನು ಪಾಪ ಮಲಗೇ ಇದ್ದ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ನಮ್ಮ ರಕ್ತದಲ್ಲೇ ಕಾವಲು ಕಾಯುವ ಕಣಗಳು ಇರುತ್ತವೆ. ಕ್ಯಾನ್ಸರು ಅವುಗಳ ಕಣ್ಣಿಗೆ ಬೀಳದ ಹಾಗೆ ವೇಷ ಹಾಕಿಕೊಂಡು ಓಡಾಡುತ್ತದೆ. ಅವಳ ರಕ್ತದಿಂದ ಆ ಕಣಗಳನ್ನು ತೆಗೆದು, ಲ್ಯಾಬಿಗೆ ಕಳಿಸಿ, ಶತ್ರುವಿನ ಗುರುತು ಹಿಡಿಯುವುದನ್ನು ಕಲಿಸಿ, ಮತ್ತೆ ಅವಳ ಮೈಗೇ ಬಿಡುತ್ತಾರೆ. ಆಮೇಲೆ ಅವೇ ಹುಡುಕಿ ಕೊಲ್ಲಬೇಕು. ನಿನ್ನ ಶಿಶುವಿಹಾರದ ಮಕ್ಕಳ ಹಾಗೆ ಅಂದುಕೋ, ಹೋಗುವಾಗ ಏನೂ ಗೊತ್ತಿರುವುದಿಲ್ಲ, ಬರುವಾಗ ಕಲಿತು ಬರುತ್ತವೆ.

ಇದುವರೆಗೆ ಕೆಲವು ಮಕ್ಕಳಿಗೇ ಕೊಟ್ಟಿದ್ದಾರೆ. ಕೆಲವರಲ್ಲಿ ಕಾಯಿಲೆ ಹೋಗಿದೆ. ಕೆಲವರಲ್ಲಿ ಹೋಗಿ ಬಂದಿದೆ. ಕೆಲವರಿಗೆ ಚಿಕಿತ್ಸೆಯಿಂದಲೇ ತೊಂದರೆ ಆಗಿದೆ. "ಇದು ಗುಣ ಮಾಡುತ್ತೆ ಅಂತ ನಾನು ಹೇಳಲ್ಲ. ಮಾಡುತ್ತಾ ಅಂತ ನೋಡ್ತಿದೀವಿ," ಎಂದರು. ಅವರು ಹಾಗೆ ನೇರವಾಗಿ ಹೇಳಿದ್ದಕ್ಕೇ ನನಗೆ ಸೈನ್ ಮಾಡಲು ಧೈರ್ಯ ಬಂತು. ಪಕ್ಕದಲ್ಲೇ ಕೂತಿದ್ದ ಇವರು ಪೆನ್ನು ಹಿಡಿಯಲಿಲ್ಲ. ಎಂಟು ಟನ್ ಬಸ್ಸು ತಿರುಗಿಸುವ ಕೈ, ಒಂದು ಪೆನ್ನು ಎತ್ತಲಾರದೆ ಮೇಜಿನ ಮೇಲೇ ಕೂತಿತ್ತು.

ತೊಂದರೆ ಅಂದರೆ ಏನೇನು ಎಂದು ಇನ್ನೂ ಹೇಳಿದರು. ಅದನ್ನೆಲ್ಲ ಬರೆಯಲು ನನ್ನ ಕೈಲಿ ಆಗುತ್ತಿಲ್ಲ. ಸಮಯ ಬಂದಾಗ ಅವರೇ ನಿನಗೆ ಹೇಳುತ್ತಾರೆ.

ಒಂದು ಬೇಡಿಕೆ. ನೀನು ಯಾವಾಗಲೂ ಒಳ್ಳೆಯದನ್ನಷ್ಟೇ ಹೇಳುವವಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗ, "ಗಂಜಿ ಕುಡಿದರು" ಎಂದು ನನಗೆ ಬರೆದ ದಿನ ಅವರಿಗೆ ಎಚ್ಚರವೇ ಇರಲಿಲ್ಲ. ಈ ಸಲ ಹಾಗೆ ಮಾಡಬೇಡ. ನಡೆದದ್ದನ್ನು ನಡೆದ ಹಾಗೇ ಬರಿ.

ನಿನ್ನ ಮಗಳು

*

ಮೇ ೨೩

ಮಗಳೇ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ, ಮನಸ್ಸು ಗಟ್ಟಿ ಮಾಡಿಕೊಂಡು ಓದು.

ಕಣ ತೆಗೆದು ಕಳಿಸಿ ವಾರಗಳಾದವು, ಇನ್ನೂ ಬಂದಿಲ್ಲ. ಅಲ್ಲಿ ಅವುಗಳ ಪಾಠ ಮುಗಿಯುವವರೆಗೆ ಇಲ್ಲಿ ಕಾಯಿಲೆ ಕೈಕಟ್ಟಿ ಕೂರುವುದಿಲ್ಲವಲ್ಲ. ಅದನ್ನು ತಡೆದು ಹಿಡಿಯಲು ಹಳೆಯ ಔಷಧವನ್ನೇ ಸ್ವಲ್ಪ ಸ್ವಲ್ಪ ಹಾಕುತ್ತಿದ್ದಾರೆ. ಬಾಯಿ ಹುಣ್ಣಾಗಿದೆ. ಮತ್ತೆ ಕೂದಲು ಹೋಯಿತು. ಕನ್ನಡಿ ನೋಡಿ, "ಅಜ್ಜಿ, ನನಗೆ ಬಾಚಣಿಗೆ ಕೊಡಿಸಿದ ದುಡ್ಡು ದಂಡ," ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಹಾಸಿಗೆಯ ಹೊದಿಕೆ ಸರಿ ಮಾಡಿದೆ.

ಪಕ್ಕದ ಕೋಣೆಯಲ್ಲಿ ಒಬ್ಬ ಬಡಗಿಯ ಮಗಳು ಇದ್ದಾಳೆ, ಇವಳಿಗಿಂತ ಎರಡು ವರ್ಷ ದೊಡ್ಡವಳು. ಅದೇ ಕಾಯಿಲೆ, ಅದೇ ಚಿಕಿತ್ಸೆ. ಅವಳ ಕಣಗಳು ನಮಗಿಂತ ಮೊದಲು ಬರುತ್ತವಂತೆ. ಜೊತೆಗಿರುವವನು ಅಪ್ಪ. ದೊಡ್ಡ ಆಳು, ಕೈಯೆಲ್ಲ ಜಡ್ಡುಗಟ್ಟಿದೆ. ಸುಮ್ಮನೆ ಕೂರಲು ಬಾರದೆ ಕಾರಿಡಾರಿನ ಬಾಗಿಲುಗಳ ಕೀಲು ನೋಡುತ್ತಾ ತಿರುಗುತ್ತಾನೆ. ಕೈ ತೊಳೆಯುವ ತೊಟ್ಟಿಯ ಹತ್ತಿರ ಸಿಕ್ಕಾಗ, "ಅಮ್ಮಾ, ನಿಮ್ಮ ದೇವರಿಗೆ ನಮ್ಮದೂ ಒಂದು ಅರ್ಜಿ ಸೇರಿಸಿ," ಎನ್ನುತ್ತಾನೆ. ಸೇರಿಸಿದ್ದೇನೆ.

ಪ್ರತಿ ಬಾರಿ ರಕ್ತದ ವರದಿ ಬಂದಾಗ ಡಾಕ್ಟರಮ್ಮ ಮೊದಲು ಕಾಗದ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಡುವಿನ ಆ ಹೊತ್ತಿನಲ್ಲಿ ನಾನು ಬೆರಳಲ್ಲಿ ದೇವರ ಹೆಸರು ಎಣಿಸುತ್ತೇನೆ. ಕಾಯಿಲೆ ಹೆಚ್ಚುತ್ತಾ ಇದೆಯಂತೆ. ಕಣಗಳು ಬರುವವರೆಗೆ ಹಿಡಿದುಕೊಂಡರೆ ಸಾಕು ಎಂದರು.

ಪುಟಾಣಿಗೆ ಹಲ್ಲು ಬಂತೇ? ಅಕ್ಕ ದಿನಾ ಕೇಳುತ್ತಾಳೆ.

ನಿನ್ನ ಅಮ್ಮ

*

ಜೂನ್ ೧೭

ಮಗಳೇ,

ಹನ್ನೊಂದನೇ ತಾರೀಖು ಕಣಗಳು ಬಂದು ಅವಳ ಮೈ ಸೇರಿದ್ದು ನಿನಗೆ ಗೊತ್ತು. ಇಷ್ಟು ದಿನ ಕಾದದ್ದು ಏನೋ ದೊಡ್ಡ ಬಾಟಲಿ ಇರಬಹುದು ಅಂದುಕೊಂಡಿದ್ದೆ. ನೋಡಿದರೆ ನನ್ನ ಅಂಗೈಯಷ್ಟು ಚೀಲ. ಕಾಫಿ ಆರುವಷ್ಟರಲ್ಲಿ ಇಳಿದು ಮುಗಿಯಿತು. ಕೋಣೆಯ ತುಂಬ ಬೇಯಿಸಿದ ಜೋಳದ ವಾಸನೆ. ಅದು ಕಣಗಳನ್ನು ಕೆಡದಂತೆ ಇಡುವ ಔಷಧದ್ದಂತೆ. "ನನ್ನ ಮೈಯೊಳಗೆ ಜೋಳದ ಹೊಲ ಹಾಕಿದ್ರಾ ಡಾಕ್ಟರ್?" ಎಂದು ವಕೀಲಮ್ಮ ಕೇಳಿದಳು. ಮಾಸ್ಕಿನ ಹಿಂದೆ ಅವರು ನಕ್ಕಿದ್ದು ಕಣ್ಣಲ್ಲಿ ಕಂಡಿತು.

ಎರಡು ದಿನ ಬಿಟ್ಟು ಜ್ವರ ಬಂತು. ಗಾಬರಿಯಿಂದ ಡಾಕ್ಟರಮ್ಮನನ್ನು ಕರೆದೆ, ಆದರೆ ಅವರು, "ಬರಬೇಕು ಅಜ್ಜಿ, ಒಳಗೆ ಜಗಳ ಶುರುವಾಗಿದೆ ಅಂತ ಅರ್ಥ," ಎಂದರು. ಹೆಚ್ಚಾದರೆ ತಗ್ಗಿಸಲು ಬೇರೆ ಔಷಧ ಇದೆಯಂತೆ, ಒಂದು ಸಲ ಕೊಟ್ಟರು. ಈಗ ಜ್ವರ ಏರಿ ಇಳಿದು ಮಾಡುತ್ತಿದೆ.

ಇನ್ನೊಂದು ವಿಷಯ. ಅಂದಿನಿಂದ ದಿನಾ ಬೆಳಿಗ್ಗೆ ಸಂಜೆ ದೊಡ್ಡ ಸಿಸ್ಟರ್ ಬಂದು ಅವಳಿಗೆ ಪ್ರಶ್ನೆ ಕೇಳುತ್ತಾರೆ. ನಿನ್ನ ಹೆಸರೇನು, ಇದು ಯಾವ ತಿಂಗಳು, ಪೆನ್ನು ತೋರಿಸಿ ಇದೇನು, ಗಡಿಯಾರ ತೋರಿಸಿ ಇದೇನು, ನೂರರಿಂದ ಹತ್ತು ಹತ್ತು ಹಿಂದಕ್ಕೆ ಎಣಿಸು. ಕೊನೆಗೆ ಒಂದು ಸಾಲು ಬರೆಯಬೇಕು, ದಿನಾ ಅದೇ ಸಾಲು. ಯಾವ ಸಾಲು ಎಂದು ಮೊದಲ ದಿನ ಅವಳನ್ನೇ ಕೇಳಿದರು. ನಿನ್ನ ಮಗಳು ಆರಿಸಿಕೊಂಡದ್ದು, "ನಮ್ಮ ಅಜ್ಜಿ ಗೊರಕೆ ಹೊಡೆಯುವುದಿಲ್ಲ ಎಂದು ಸುಳ್ಳು ಹೇಳುತ್ತಾರೆ." ಇಡೀ ವಾರ್ಡಿಗೆ ನನ್ನ ಮಾನ ಹರಾಜು. ಹತ್ತಕ್ಕೆ ಇಷ್ಟು ಅಂಕ ಎಂದು ಬರೆದುಕೊಂಡು ಹೋಗುತ್ತಾರೆ.

ಹದಿನಾಲ್ಕನೇ ತಾರೀಖು ಬಡಗಿಯ ಮಗಳು ಈ ಪ್ರಶ್ನೆಗಳಿಗೆ ತಪ್ಪು ಹೇಳಿದಳಂತೆ. ಪೆನ್ನನ್ನು ಚಮಚ ಎಂದಳಂತೆ. ಮಧ್ಯಾಹ್ನದೊಳಗೆ ಅವಳ ಮಂಚವನ್ನೇ ತಳ್ಳಿಕೊಂಡು ಕೆಳಗಿನ ತೀವ್ರ ನಿಗಾ ಕೋಣೆಗೆ ಹೋದರು. ಬಡಗಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹಿಂದೆ ಓಡಿದ. ಆ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ಅಲ್ಲಿಗೆ ಹೋದವರು ಹೇಗೆ ಬರುತ್ತಾರೆ ಎಂದು ನನಗೆ ಗೊತ್ತು. ನಿನ್ನ ಅಪ್ಪ ಹೋಗಿದ್ದರಲ್ಲ.

ನೀನು ಹೆದರಬೇಡ, ನಮ್ಮವಳಿಗೆ ಹಾಗಾಗಲು ನಾನು ಬಿಡುವುದಿಲ್ಲ. ಇದುವರೆಗೆ ಹತ್ತಕ್ಕೆ ಹತ್ತು. ಸಿಸ್ಟರ್ ಅವಳ ಕಡೆ ಮುಖ ಮಾಡಿ ಕೂರುತ್ತಾರೆ, ನಾನು ಅವರ ಬೆನ್ನ ಹಿಂದೆ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಇಪ್ಪತ್ತೆರಡು ವರ್ಷ ಶಿಶುವಿಹಾರದಲ್ಲಿ ಇನ್ಸ್‌ಪೆಕ್ಷನ್ ಸಾಹೇಬರು ಬಂದಾಗ ಮಾಡಿದ ಕೆಲಸವೇ ತಾನೇ. ಪೆನ್ನಿಗೆ ಗಾಳಿಯಲ್ಲಿ ಬರೆದು ತೋರಿಸಿದರೆ ಆಯಿತು, ಗಡಿಯಾರಕ್ಕೆ ಮಣಿಕಟ್ಟು ಮುಟ್ಟಿದರೆ ಆಯಿತು, ಲೆಕ್ಕಕ್ಕೆ ಬೆರಳು. ಅವಳೂ ನನ್ನ ಕೈಕೆಳಗೇ ಕೂತು ಅಕ್ಷರ ಕಲಿತವಳು, ಎಲ್ಲ ಸನ್ನೆ ಗೊತ್ತು. ಮೊದಲ ದಿನಗಳಲ್ಲಿ ನನ್ನ ಕಡೆ ನೋಡದೆಯೇ ಪಟಪಟ ಹೇಳುತ್ತಿದ್ದಳು. ನಿನ್ನೆ ಸಂಜೆಯಿಂದ ನನ್ನ ಬೆರಳು ಕಂಡ ಮೇಲೆಯೇ ಬಾಯಿ ತೆರೆಯುತ್ತಾಳೆ. ಜ್ವರದ ಆಯಾಸ, ಪಾಪ. ಇವತ್ತು ಸಾಲು ಬರೆಯುವಾಗ ಅವಳ ಕೈ ನಡುಗಿತು. ಹಲಗೆ ಹಿಡಿದುಕೊಳ್ಳುತ್ತೇನೆ ಎಂದು ಹೇಳಿ ಅವಳ ಮಣಿಕಟ್ಟು ಹಿಡಿದು ಸಾಲು ಮುಗಿಸಿದೆ.

ಇವತ್ತೂ ಹತ್ತಕ್ಕೆ ಹತ್ತು. ದೇವರ ದಯೆ.

ನಿನ್ನ ಅಮ್ಮ

*

ಜೂನ್ ೧೮

ಅಮ್ಮಾ,

ಇವರು ಬಸ್ಸಿನಿಂದ ಇಳಿದು ಕಾಗದ ಕೈಗೆ ಕೊಟ್ಟರು. ನಿಂತಲ್ಲೇ ಓದಿ ವಾರ್ಡಿಗೆ ಫೋನ್ ಮಾಡಿದೆ. ನಿನ್ನ ಹತ್ತಿರ ಮಾತಾಡಲಿಲ್ಲ. ದೊಡ್ಡ ಸಿಸ್ಟರನ್ನೇ ಕೇಳಿದೆ. ಅವರು ಫೋನು ಇಟ್ಟ ಸದ್ದು ಈಗಲೂ ಕಿವಿಯಲ್ಲಿದೆ.

ಮೊನ್ನೆ ಸಂಜೆ ಫೋನಿನಲ್ಲಿ ಅವಳು ವಾದ ಮಾಡಲಿಲ್ಲ, ಅಮ್ಮ. ಪುಟಾಣಿ ನಿನಗಿಂತ ಚೆನ್ನಾಗಿ ಊಟ ಮಾಡ್ತಾನೆ ಅಂದೆ. "ಹೂಂ" ಅಂದಳು. ನನ್ನ ಮಗಳು ಹೂಂ ಅಂದಳು, ನಾನು ಅದನ್ನು ಜ್ವರ ಅಂದುಕೊಂಡು ಮಲಗಿದೆ.

ಆ ಪ್ರಶ್ನೆಗಳು ಅವಳು ಜಾಣೆಯೋ ಅಲ್ಲವೋ ನೋಡಲು ಅಲ್ಲ. ಆ ಕಣಗಳ ಜಗಳದಲ್ಲಿ ಮಿದುಳಿಗೆ ಊತ ಬರಬಹುದು. ಬಂದರೆ ಮೊದಲು ಹೋಗುವುದು ಮಾತು, ಬರವಣಿಗೆ. ಸ್ಕ್ಯಾನಿಗಿಂತ ಮುಂಚೆ ಅದರಲ್ಲೇ ಗೊತ್ತಾಗುತ್ತದೆ. ಅವಳು ತಪ್ಪು ಹೇಳಬೇಕು ಅಮ್ಮ, ತಪ್ಪಾಗಿದ್ದರೆ. ತಪ್ಪು ಹೇಳಿದರೇ ಅವರು ಬಂದು ಹಿಡಿಯುವುದು.

ನೀನು ಅದನ್ನು ಮುಚ್ಚಿಟ್ಟೆ. ಒಳ್ಳೆಯದನ್ನಷ್ಟೇ ಹೇಳಬೇಡ ಎಂದು ಕಾಲಿಗೆ ಬಿದ್ದ ಹಾಗೆ ಕೇಳಿಕೊಂಡಿದ್ದೆ. ನೀನು ಅವಳ ಬಾಯಿಂದಲೇ ಹೇಳಿಸಿದೆ.

ಇನ್ನು ಅವರು ಪ್ರಶ್ನೆ ಕೇಳುವಾಗ ನೀನು ಆ ಕೋಣೆಯಲ್ಲಿ ಇರಬೇಡ.

ಮಗಳು

*

ಜೂನ್ ೨೫

ಮಗಳೇ,

ವಾರವಾಯಿತು, ನಿನಗೆ ಬರೆಯಲು ಕೈ ಬರಲಿಲ್ಲ. ಡಾಕ್ಟರಮ್ಮ ನಿನಗೆ ದಿನಾ ಫೋನ್ ಮಾಡುತ್ತಿದ್ದಾರೆ ಎಂದು ಗೊತ್ತು. ಅವರು ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಆ ಬೆಳಿಗ್ಗೆ ಸಿಸ್ಟರ್ ಫೋನು ಇಟ್ಟು ಗಾಜಿನ ಆಚೆಯಿಂದ ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಾಕ್ಟರಮ್ಮನನ್ನು ಕರೆದುಕೊಂಡು ಬಂದರು. ನನಗೆ ಗೋಡೆ ಕಡೆ ತಿರುಗಿ ನಿಲ್ಲಿ ಎಂದರು. ನಿಂತೆ. ಗೋಡೆಯಲ್ಲಿ ಬಣ್ಣ ಎದ್ದ ಒಂದು ಜಾಗ ಇದೆ, ಅದನ್ನೇ ನೋಡುತ್ತಾ ನಿಂತೆ.

"ಇದೇನು, ಪುಟ್ಟಿ?" ಎಂದು ಡಾಕ್ಟರಮ್ಮ ಕೇಳಿದರು. ಉತ್ತರ ಇಲ್ಲ. ಮತ್ತೆ ಕೇಳಿದರು. ಹಾಸಿಗೆ ಕಿರುಗುಟ್ಟಿತು. ಅವಳು ತಿರುಗಿ ತಿರುಗಿ ನನ್ನನ್ನು ಹುಡುಕುತ್ತಿದ್ದಾಳೆ ಎಂದು ಬೆನ್ನಿಗೇ ಗೊತ್ತಾಯಿತು. ಆಮೇಲೆ, "ಅಜ್ಜಿ, ಈ ಕಡೆ," ಎಂದಳು. ಅಷ್ಟೇ ಅವಳಿಗೆ ಬಂದ ಮಾತು. ಪೆನ್ನು ಕೈಗೆ ಕೊಟ್ಟರು. ಕಾಗದದ ಮೇಲೆ ಪೆನ್ನು ಎಳೆದ ಸದ್ದು ಬಂತು, ನಿಲ್ಲಲೇ ಇಲ್ಲ, ಹಾಗೇ ಹೊದಿಕೆಯ ಮೇಲೆ ಹೋಯಿತು.

ಮಂಚ ತಳ್ಳಿಕೊಂಡು ಹೋದರು. ಬಡಗಿಯ ಚಪ್ಪಲಿಯ ಪಕ್ಕದಲ್ಲೇ ನನ್ನದೂ ಉಳಿಯಿತು.

ಕೆಳಗಿನ ಕಾರಿಡಾರಿನಲ್ಲಿ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. ಊತ ಇಳಿಸುವ ಔಷಧ ಕೊಡಲೇಬೇಕು. ಮೊದಲೇ ಗೊತ್ತಾಗಿದ್ದರೆ ಸ್ವಲ್ಪದರಲ್ಲಿ ಮುಗಿಯುತ್ತಿತ್ತು. ಈಗ ಜಾಸ್ತಿ ಬೇಕು. ಜಾಸ್ತಿ ಕೊಟ್ಟರೆ ಆ ಕಲಿತು ಬಂದ ಕಣಗಳಿಗೂ ಏಟು ಬೀಳಬಹುದು, ಅವು ಕೆಲಸ ಮುಗಿಸದೇ ಸುಸ್ತಾಗಬಹುದು. ಕೊಡದಿದ್ದರೆ ಮಗು ಉಳಿಯುವುದಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಕಿಟಕಿ, ಸನ್ನೆ, ಮಣಿಕಟ್ಟು. ಬಡಗಿಯ ಮಗಳನ್ನು ಒಯ್ದರಲ್ಲ, ತಪ್ಪು ಹೇಳಿದವರನ್ನು ಒಯ್ಯುತ್ತಾರೆ ಅಂದುಕೊಂಡೆ, ಎಂದೆ. ಅವರು ಮಾಸ್ಕು ಕೆಳಗೆ ಎಳೆದುಕೊಂಡರು.

"ಅಜ್ಜಿ, ನೀವು ಹೇಳಿಕೊಟ್ಟಿದ್ದು ಅವಳಿಗಲ್ಲ, ನಮಗೆ. ನಮಗೆ ತಪ್ಪು ಹೇಳಿಕೊಟ್ರಿ." ಆಮೇಲೆ ಎದ್ದು ನಿಂತು, "ನಾವೂ ನಿಮ್ಮನ್ನ ಕೂರಿಸಿ ಹೇಳಬೇಕಿತ್ತು. ತಾಯಿಗೆ ಹೇಳಿದೀವಿ ಅಂತ ಬಿಟ್ಟುಬಿಟ್ವಿ. ಅದು ನಮ್ಮ ತಪ್ಪು," ಎಂದರು. ಆ ಮಾತು ನನ್ನ ಹೊರೆ ಇಳಿಸಲೆಂದು ಹೇಳಿದ್ದು. ಹೊರೆ ಇಳಿಯಲಿಲ್ಲ.

ಅವಳು ಅಲ್ಲಿ ಕಣ್ಣು ಬಿಡದೆ ಇದ್ದ ದಿನಗಳನ್ನು ಬರೆಯಲಾರೆ. ಗಾಜಿನ ಹೊರಗೆ ಬಡಗಿ ನನ್ನ ಪಕ್ಕ ಕೂತಿರುತ್ತಿದ್ದ. ಅವನ ಮಗಳು ಆಗಲೇ ಎದ್ದು ಕೂತು ಅಪ್ಪನನ್ನು ಗದರಿಸುವಷ್ಟಾಗಿದ್ದಳು. ಅವಳನ್ನು ಅಲ್ಲಿಗೆ ಒಯ್ದದ್ದರಿಂದ ಉಳಿದಳು. ಅದನ್ನು ನಾನು ಕಣ್ಣಾರೆ ನೋಡಿದೆ. ದೇವರನ್ನು ಕೇಳಲು ಕೂತರೆ ಬಾಯಿ ಬರಲಿಲ್ಲ. ಬೆರಳು ಎಣಿಸಲು ಎತ್ತಿದರೆ ಅದೇ ಬೆರಳು ಕಣ್ಣಿಗೆ ಬೀಳುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೇಳದೆಯೇ ದೇವರಿಗೆ ತಿಳಿಯಲಿ ಎಂದು ಬಿಟ್ಟೆ.

ಮೊನ್ನೆ ಕಣ್ಣು ಬಿಟ್ಟಳು. ನಿನ್ನೆ ನೀರು ಬೇಕು ಎಂದಳು. ಆ ಕಣಗಳು ಇನ್ನೂ ಕೆಲಸ ಮಾಡುತ್ತಿವೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಮೂಳೆಯೊಳಗಿನ ರಕ್ತ ತೆಗೆದು ನೋಡಿದ ಮೇಲೆಯೇ.

ನನ್ನ ಬದಲು ಬೇರೆ ಯಾರನ್ನಾದರೂ ಕಳಿಸುವುದಾದರೆ ಕಳಿಸು. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಅಮ್ಮ

*

ಜುಲೈ ೨

ಅಮ್ಮಾ,

ಬೇರೆ ಯಾರನ್ನು ಕಳಿಸಲಿ? ನನ್ನ ಅತ್ತೆ ಆಸ್ಪತ್ರೆಯ ಬಾಗಿಲು ಕಂಡರೇ ತಲೆ ತಿರುಗಿ ಬೀಳುತ್ತಾರೆ, ಆಮೇಲೆ ಅವರಿಗೊಂದು ಮಂಚ ಬೇಕು.

ಸಿಟ್ಟಿನಲ್ಲಿ ಬರೆದ ಆ ಕಾಗದವನ್ನು ಇವರು ಕಾವಲುಗಾರನ ಕೈಗೆ ಕೊಡುವ ಮೊದಲು ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಬರೆದದ್ದರಲ್ಲಿ ಸುಳ್ಳು ಇಲ್ಲ, ಆದರೆ ಅರ್ಧ ಮಾತ್ರ ಇದೆ. ಉಳಿದ ಅರ್ಧ ಇದು. ಸೈನ್ ಮಾಡಿದ ದಿನ ಒಳಗೆ ಡಾಕ್ಟರಮ್ಮ ಈ ಪ್ರಶ್ನೆಗಳ ವಿಷಯವನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಿದರು. ಜೊತೆಗೆ ಇರುವವರಿಗೆ ಇದನ್ನು ತಿಳಿಸಿ ಎಂದು ಎರಡು ಸಲ ಹೇಳಿದರು. ಏಪ್ರಿಲಿನಲ್ಲಿ ನೀನು ಕೇಳಿದಾಗ ಬರೆಯಲು ಕೂತೆ. ಮಿದುಳು ಎಂಬ ಮಾತನ್ನು ಅವಳ ವಿಷಯದಲ್ಲಿ ನನ್ನ ಕೈಯಾರೆ ಬರೆಯಲು ಆಗಲಿಲ್ಲ. ಬರೆದರೆ ಅದು ಆಗಿಬಿಡುತ್ತದೆ ಅನಿಸಿತು. ಒಳ್ಳೆಯದನ್ನಷ್ಟೇ ಹೇಳಬೇಡ ಎಂದು ನಿನಗೆ ಉಪದೇಶ ಮಾಡಿದ ಅದೇ ಕಾಗದದಲ್ಲಿ ನಾನು ಕೆಟ್ಟದ್ದನ್ನು ಬಿಟ್ಟು ಬರೆದೆ. ನಿನ್ನ ಮಗಳೇ ತಾನೇ.

ನಾನು ಶಿಶುವಿಹಾರದಲ್ಲಿದ್ದಾಗ ಒಂದು ಸಲ ಸಾಹೇಬರು ನನ್ನನ್ನು ಏಳಿಸಿ ಒಂಬತ್ತು ಮತ್ತು ಎಂಟು ಕೂಡಿಸು ಎಂದರು. ನೀನು ಬಾಗಿಲ ಹತ್ತಿರ ನಿಂತು ಎರಡು ಕೈಯ ಬೆರಳೂ ಸಾಲದೆ ಪರದಾಡುತ್ತಿದ್ದೆ, ಕೊನೆಗೆ ಕಾಲಿನ ಬೆರಳು ತೋರಿಸಿದೆ. ಅದು ನೋಡಿ ನಾನು ನಕ್ಕುಬಿಟ್ಟೆ, ಪೆಟ್ಟು ತಿಂದೆ. ಇವತ್ತಿಗೂ ಅಂಗಡಿಯಲ್ಲಿ ಲೆಕ್ಕ ಮಾಡುವಾಗ ನಿನ್ನ ಹೆಬ್ಬೆರಳು ಕಣ್ಣ ಮುಂದೆ ಬರುತ್ತದೆ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಆದರೆ ಅವಳು ಕಣ್ಣು ಬಿಟ್ಟಾಗ ಹುಡುಕುವುದು ನಿನ್ನನ್ನೇ ಎಂದೂ ಗೊತ್ತಿದೆ.

ಅಲ್ಲೇ ಇರು. ಕೈ ಮಾತ್ರ ಜೋಪಾನ.

ಪುಟಾಣಿಗೆ ಕೆಳಗೆ ಒಂದು ಹಲ್ಲು ಬಂದಿದೆ. ಅವಳಿಗೆ ಹೇಳು.

ನಿನ್ನ ಮಗಳು

*

ಜುಲೈ ೧೭

ಮಗಳೇ,

ವರದಿ ಏನು ಬಂತು ಎಂದು ನಿನ್ನೆ ಮಧ್ಯಾಹ್ನ ಡಾಕ್ಟರಮ್ಮನೇ ನಿನಗೆ ಹೇಳಿದರು. ನೀನು ಆ ಕಡೆ ಅತ್ತದ್ದು ಈ ಕಡೆ ನಮಗೆಲ್ಲ ಕೇಳಿಸಿತು. "ಅಮ್ಮ ಯಾಕೆ ಅಳ್ತಾಳೆ, ಒಳ್ಳೇದೇ ಬಂದಿದೆಯಲ್ಲ," ಎಂದು ವಕೀಲಮ್ಮ ಆಕ್ಷೇಪ ಎತ್ತಿದಳು. ಮೂಳೆಯಲ್ಲಿ ಕಾಯಿಲೆ ಈ ಸಲ ಕಾಣಲಿಲ್ಲ. ಈ ಸಲ ಎಂಬುದನ್ನು ಡಾಕ್ಟರಮ್ಮ ಒತ್ತಿ ಹೇಳಿದರು, ನಾನೂ ಒತ್ತಿಯೇ ಬರೆಯುತ್ತೇನೆ. ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ. ಆಮೇಲೆ ಮತ್ತೆ. ಕಣಗಳು ಇನ್ನೂ ರಕ್ತದಲ್ಲಿವೆಯಂತೆ, ಮೊದಲಿಗಿಂತ ಕಡಿಮೆ. ಆ ಕಡಿಮೆ ನನ್ನಿಂದ ಆದದ್ದೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಅದರೊಂದಿಗೆ ಇರಬೇಕು, ಇರುತ್ತೇನೆ.

ಬಡಗಿಯ ಮಗಳ ವರದಿಯೂ ಮೊನ್ನೆ ಬಂತು. ಅವಳಲ್ಲಿ ಕಾಯಿಲೆ ಕಂಡಿತು. ಅವರು ಸಾಮಾನು ಕಟ್ಟಿಕೊಂಡು ಹೊರಟಾಗ ನಾನು ಕೈ ತೊಳೆಯುವ ತೊಟ್ಟಿಯ ಹತ್ತಿರ ಇದ್ದೆ. ಅವನು ಅರ್ಜಿಯ ಮಾತು ಎತ್ತಲಿಲ್ಲ. ನಮ್ಮ ಕೋಣೆಯ ಬಾಗಿಲ ಕೀಲನ್ನು ಒಮ್ಮೆ ಆಡಿಸಿ ನೋಡಿ, "ಇದು ಇನ್ನು ಕಿರುಗುಟ್ಟಲ್ಲ ಅಮ್ಮ," ಎಂದ. ಅವರ ಅರ್ಜಿಯನ್ನು ನಾನು ತೆಗೆದಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನಮ್ಮ ವರದಿ ಬರುವ ಮೊದಲು, ನಿನ್ನೆ ಬೆಳಿಗ್ಗೆ ನಡೆದದ್ದು. ಮನೆಗೆ ಕಳಿಸುವ ಮುಂಚೆ ಕೊನೆಯ ಸಲ ಪ್ರಶ್ನೆ ಕೇಳಬೇಕು ಎಂದು ಡಾಕ್ಟರಮ್ಮನೇ ಬಂದರು. ನಾನು ಎದ್ದು ಹೊರಗೆ ಹೋದೆ, ಯಾರೂ ಹೇಳಲಿಲ್ಲ. ಎರಡೂ ಬಾಗಿಲು ಮುಚ್ಚಿ ಗಾಜಿನ ಆಚೆ ನಿಂತು ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಒಳಗಿನ ಮಾತು ಗೋಡೆಯ ಚಿಕ್ಕ ಸ್ಪೀಕರಿನಲ್ಲಿ ಕೇಳುತ್ತದೆ.

ಹೆಸರು, ತಿಂಗಳು ಹೇಳಿದಳು. ನೂರು, ತೊಂಬತ್ತು, ಎಂಬತ್ತು ಎಂದು ಇಳಿದಳು. ಅರವತ್ತರಲ್ಲಿ ನಿಂತಳು. ಆಮೇಲೆ ತಾನೇ ಮುಂದೆ ಇಳಿದಳು. ಪೆನ್ನು ಎಂದಳು. ಗಡಿಯಾರ ಎಂದಳು. ಸಾಲು ಬರೆದಳು. ಬರೆಯುವಾಗ ನಾಲಿಗೆ ತುದಿ ಹೊರಗೆ ಬಂದಿತ್ತು, ಮೊದಲಿನ ಹಾಗೇ.

ಆಮೇಲೆ ಡಾಕ್ಟರಮ್ಮ ಒಂದು ಚಿತ್ರ ಎತ್ತಿ ಹಿಡಿದರು. ಛತ್ರಿ.

ಅವಳು ನೋಡಿದಳು. "ಮಳೆ ಬಂದಾಗ ಹಿಡಿಯೋದು," ಎಂದಳು. ಅದರ ಹೆಸರೇನು ಎಂದು ಕೇಳಿದರು. ತುಟಿ ಆಡಿತು, ಮಾತು ಬರಲಿಲ್ಲ. ಮೆಲ್ಲಗೆ ಗಾಜಿನ ಕಡೆ ತಿರುಗಿ ನನ್ನ ಮುಖ ನೋಡಿದಳು.

ಮಗಳೇ, ಛತ್ರಿಗೆ ಸನ್ನೆ ಎಷ್ಟು ಸುಲಭ ಗೊತ್ತೇ. ಒಂದು ಮುಷ್ಟಿ ತಲೆಯ ಮೇಲೆ ಎತ್ತಿದರೆ ಆಯಿತು. ಭುಜ ತನಗೆ ತಾನೇ ಏಳುತ್ತಿತ್ತು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದು ಕೆಳಗೆ ಎಳೆದುಕೊಂಡು ನಿಂತೆ. ಅವಳಿಂದ ಕಣ್ಣು ತಪ್ಪಿಸಲಿಲ್ಲ, ಕೈ ಬಿಡಲಿಲ್ಲ. ಇಷ್ಟು ವರ್ಷ ಮಾಡಿದ ಜಪದಲ್ಲಿ ಒಂದು ಸಲವೂ ಹಾಗೆ ನಿಂತಿರಲಿಲ್ಲ. ಅವಳು ಕಾದಳು. ನಾನೂ ಕಾದೆ. ಕೊನೆಗೆ ಅವಳು ಡಾಕ್ಟರಮ್ಮನ ಕಡೆ ತಿರುಗಿ, "ಗೊತ್ತಿಲ್ಲ," ಎಂದಳು.

ಡಾಕ್ಟರಮ್ಮ ಬರೆದುಕೊಂಡರು. ಊತ ಹೋದರೂ ಕೆಲವು ಮಾತುಗಳು ಹಿಂದೆ ಉಳಿಯುತ್ತವಂತೆ, ನಿಧಾನವಾಗಿ ಬರುತ್ತವಂತೆ, ನಿಗಾ ಇಡಬೇಕು ಎಂದರು.

ನಾನು ಒಳಗೆ ಹೋದೆ. ವಕೀಲಮ್ಮ ಸೊಂಟದ ಮೇಲೆ ಕೈಯಿಟ್ಟು ಕೂತಿದ್ದಳು. "ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ."

"ಹೌದು," ಎಂದೆ.

"ಇನ್ಮೇಲೆ ಹೀಗೇನಾ?"

"ಹೀಗೇ."

ಹಾಗಾದರೆ ಅದರ ಹೆಸರು ಈಗಲಾದರೂ ಹೇಳು, ಪರೀಕ್ಷೆ ಮುಗೀತಲ್ಲ ಎಂದು ವಾದ ಹೂಡಿದಳು. ಹೇಳಿದೆ. ಛತ್ರಿ, ಛತ್ರಿ ಎಂದು ಮೂರು ಸಲ ಹೇಳಿಕೊಂಡಳು, ಯಾರೋ ಕಿತ್ತುಕೊಂಡು ಹೋದದ್ದನ್ನು ವಾಪಸ್ ಚೀಲಕ್ಕೆ ಹಾಕಿಕೊಳ್ಳುವವಳ ಹಾಗೆ.

ನಾಡಿದ್ದು ನಿನ್ನ ಗಂಡನ ಬಸ್ಸಿನಲ್ಲೇ ಬರುತ್ತೇವೆ, ಮುಂದಿನ ಸೀಟು ಹಿಡಿದಿಡಲು ಹೇಳು. ಅವಳು ಬಂದ ಕೂಡಲೇ ಪುಟಾಣಿಯ ಹಲ್ಲು ಎಣಿಸುತ್ತಾಳಂತೆ. ನೀನು ಹೇಳಿದ್ದು ಒಂದು, ಅವಳಿಗೆ ಎರಡು ಕಂಡರೆ ನೀನು ಜವಾಬು ಕೊಡಬೇಕು.

ಹತ್ತಕ್ಕೆ ಒಂಬತ್ತು ಬಂತು. ನೀನು ಕೇಳಿದ್ದೆಯಲ್ಲ, ನಡೆದದ್ದನ್ನು ನಡೆದ ಹಾಗೇ ಬರಿ ಎಂದು. ಆ ಒಂಬತ್ತೂ ಅವಳವೇ.

ನಿನ್ನ ಅಮ್ಮ